ನಾಲ್ಕು ವಾರದ ಬೇಸಿಗೆ ಜರ್ಮನ್ ಕೋರ್ಸ್: ಎ2 ಮುಗಿಸಿ ಹೋಗಬೇಕೋ, ಅಲ್ಲೇ ಹೋಗಿ ಕಲಿಯಬೇಕೋ?

ಚಾಮುಂಡಿ ತಪ್ಪಲು

ಬಿ.ಎಸ್ಸಿ. ಎರಡನೇ ವರ್ಷ, ಮೈಸೂರು. ಜರ್ಮನ್ ಎ1 (ಯುರೋಪಿನ ಆರು ಭಾಷಾ ಹಂತಗಳಲ್ಲಿ ಮೊದಲನೆಯದು; ಮುಂದೆ ಎ2, ಬಿ1, ಬಿ2, ಸಿ1, ಸಿ2) ಪಾಸಾಗಿದೆ, ಎ2 ಅರ್ಧಕ್ಕೆ ಬಂದಿದೆ. ಬರುವ ಆಗಸ್ಟ್‌ನಲ್ಲಿ ಜರ್ಮನಿಯ ಯಾವುದಾದರೂ ವಿಶ್ವವಿದ್ಯಾಲಯದ ಬೇಸಿಗೆ ಕೋರ್ಸ್ ಸೇರುವ ಯೋಚನೆ. ನಾಲ್ಕು ವಾರದಲ್ಲಿ ನಿಜಕ್ಕೂ ಎಷ್ಟು ಭಾಷೆ ಬರುತ್ತೆ? ಯಾವ ಊರು, ಯಾವ ವೀಸಾ, ಫೀಸು ಕಳಿಸೋದು ಹೇಗೆ, ವಸತಿ, ಊಟ (ಸಸ್ಯಾಹಾರಿ) ಇವುಗಳಲ್ಲಿ ಯಾವುದರ ಬಗ್ಗೆ ಗೊತ್ತಿದ್ದರೂ ಬರೆಯಿರಿ. "ಹೋಗಿ ಬಾ, ಒಳ್ಳೇ ಅನುಭವ" ಅನ್ನುವ ಉತ್ತರ ಈಗಾಗಲೇ ಸಾಕಷ್ಟು ಸಿಕ್ಕಿದೆ.

ನೆಕ್ಕರ್ ದಂಡೆ

ಎಷ್ಟು ಬರುತ್ತೆ ಅನ್ನೋದನ್ನ ಲೆಕ್ಕ ಹಾಕಿಯೇ ನೋಡಬಹುದು. ಅಲ್ಲಿ ಪಾಠದ ಅಳತೆ ಯೂನಿಟ್. ಒಂದು ಯೂನಿಟ್ ಅಂದರೆ 45 ನಿಮಿಷ. ಬೇಸಿಗೆ ಕೋರ್ಸ್‌ಗಳಲ್ಲಿ ವಾರಕ್ಕೆ 20ರಿಂದ 25 ಯೂನಿಟ್ ಇರುತ್ತೆ, ನಾಲ್ಕು ವಾರಕ್ಕೆ ಹೆಚ್ಚೆಂದರೆ 100. ಜರ್ಮನ್ ಕಲಿಸುವ ಗೋಥೆ ಸಂಸ್ಥೆಯ ಅಂದಾಜಿನ ಪ್ರಕಾರ ಸೊನ್ನೆಯಿಂದ ಎ1 ಮುಟ್ಟಲು 80ರಿಂದ 200 ಯೂನಿಟ್, ಎ2ಗೆ ಒಟ್ಟು 200ರಿಂದ 350, ಬಿ1ಗೆ 350ರಿಂದ 650, ಬಿ2ಗೆ 600ರಿಂದ 800. ಹಾಗಾಗಿ ನಾಲ್ಕು ವಾರದಲ್ಲಿ ಸುಮಾರು ಅರ್ಧ ಹಂತ ಏರಬಹುದು. ತಿಂಗಳಿಗೆ ಒಂದು ಹಂತ ಅನ್ನುವ ಮಾತು ಎ1ಗೆ ಮಾತ್ರ ಹೊಂದುತ್ತೆ, ಅದೂ ಚುರುಕಾಗಿ ಕಲಿಯುವವರಿಗೆ.

ಆ 100 ಯೂನಿಟ್ಟನ್ನು ಯಾವ ಹಂತದ ಮೇಲೆ ಖರ್ಚು ಮಾಡ್ತೀರಿ ಅನ್ನೋದೇ ನಿಜವಾದ ಪ್ರಶ್ನೆ. ಎ1, ಎ2 ಪುಸ್ತಕದ ಪಾಠ ಮೈಸೂರಿನಲ್ಲೂ ಅದೇ, ಹೈಡಲ್‌ಬರ್ಗ್‌ನಲ್ಲೂ ಅದೇ. ಅದನ್ನು ಯೂರೋ ಕೊಟ್ಟು ಕಲಿಯೋದು ದಂಡ. ಬೆಳಗಿನ ಭಾಷಾ ತರಗತಿಯ ಜೊತೆಗೆ ಮಧ್ಯಾಹ್ನ ಸಾಹಿತ್ಯ, ರಾಜಕೀಯ, ಉಚ್ಚಾರಣೆ ಅಂತ ಸೆಮಿನಾರ್‌ಗಳು ಇರುತ್ತವೆ. ಅವು ನಡೆಯುವುದು ಜರ್ಮನ್‌ನಲ್ಲೇ, ಬಿ1 ಇಲ್ಲದೆ ಕೂತರೆ ತಲೆಬುಡ ಗೊತ್ತಾಗಲ್ಲ. ಎ1 ಗುಂಪಿನವರು ಬೆಳಗ್ಗೆ ಪಾಠ ಮುಗಿಸಿ ಹೊರಗೆ ಬಂದ ಕೂಡಲೇ ತಮ್ಮತಮ್ಮಲ್ಲೇ ಇಂಗ್ಲಿಷ್‌ಗೆ ಇಳಿಯುತ್ತಾರೆ, ಬೇರೆ ದಾರಿ ಇರಲ್ಲ. ಎ2 ಪೂರ್ತಿ ಮುಗಿಸಿ, ಬಿ1 ಪುಸ್ತಕ ಕಾಲು ಭಾಗವಾದರೂ ಓದಿ ಹೋಗಿ. ಆಗ ಮಾತ್ರ ತರಗತಿಯ ಹೊರಗಿನ ಊರೂ ಪಾಠ ಹೇಳುತ್ತೆ.

ಬಾಸೆಲ್ ಹೆಂಚು

ಅಷ್ಟು ಗಟ್ಟಿಯಾಗಿ ಹೇಳುವುದು ಬೇಡ ಮಾರಾಯ್ರೆ. ಎ2 ಅರ್ಧದಲ್ಲಿ ಹೋದವರಿಗೂ ಲಾಭ ಉಂಟು, ಆದರೆ ಊರು ಸರಿಯಾಗಿ ಆರಿಸಿಕೊಳ್ಳಬೇಕು. ಬರ್ಲಿನ್‌ನಲ್ಲಿ ಅಂಗಡಿಯವನು ನಿಮ್ಮ ತೊದಲು ಕೇಳಿದ ತಕ್ಷಣ ಇಂಗ್ಲಿಷ್‌ಗೆ ತಿರುಗುತ್ತಾನೆ. ಯೇನಾ, ಪಸ್ಸೌ, ಬೈರಾಯ್ಟ್‌ನಂಥ ಸಣ್ಣ ಊರುಗಳಲ್ಲಿ ಅದು ಕಡಿಮೆ.

ಮಾತಿನ ಧಾಟಿಯೂ ಊರಿಂದ ಊರಿಗೆ ಬೇರೆ. ಗೋಟಿಂಗನ್ ಕಡೆ ಜನ ಆಡುವುದು ಪುಸ್ತಕದ ಜರ್ಮನ್‌ಗೆ ಹತ್ತಿರ. ಟ್ಯೂಬಿಂಗನ್‌ನಲ್ಲಿ ಶ್ವಾಬಿಷ್, ಫ್ರೈಬುರ್ಗ್‌ನಲ್ಲಿ ಅಲೆಮಾನಿಷ್. ಮೇಷ್ಟ್ರು ಶುದ್ಧ ಜರ್ಮನ್‌ನಲ್ಲೇ ಪಾಠ ಮಾಡುತ್ತಾರೆ, ಆದರೆ ಬೇಕರಿಯಲ್ಲಿ ಅಜ್ಜಿ ಮಾತಾಡಿದರೆ ಮೊದಲ ವಾರ ಏನೂ ತಿಳಿಯುವುದಿಲ್ಲ. ವಿಯೆನ್ನಾ ವಿಶ್ವವಿದ್ಯಾಲಯದ ಬೇಸಿಗೆ ಕೋರ್ಸ್‌ಗಳೂ ಒಳ್ಳೆಯವು, ಆದರೆ ಆಸ್ಟ್ರಿಯಾದಲ್ಲಿ ಟೊಮೇಟೊ ಪಾರಡೈಸರ್, ಆಲೂಗಡ್ಡೆ ಎರ್ಡ್‌ಎಪ್‌ಫಲ್. ಇದನ್ನು ಕಂಡು ಹೆದರುವುದು ಬೇಡ. ಕುಂದಾಪುರದವರು ಮಂಗಳೂರಿಗೆ ಬಂದಷ್ಟೇ ವ್ಯತ್ಯಾಸ.

ಟ್ಯೂಬಿಂಗನ್‌ಗೆ ಹೋಗುವ ಕನ್ನಡಿಗರಿಗೆ ಇನ್ನೊಂದು ವಿಷಯ. ಕಿಟೆಲ್ ತೀರಿಕೊಂಡದ್ದು ಅದೇ ಊರಿನಲ್ಲಿ, 1903ರಲ್ಲಿ. ಮಂಗಳೂರ ಸಮಾಚಾರ ಹೊರಡಿಸಿದ ಮೋಗ್ಲಿಂಗ್ ಓದಿದ್ದೂ ಅಲ್ಲೇ. ಕೋರ್ಸ್ ಆರಿಸಿಕೊಳ್ಳಲು ಇದು ಕಾರಣವಲ್ಲ ಬಿಡಿ.

ಕಡತ ವಿಲೇವಾರಿ

ವೀಸಾ ಭಾಗ ನನಗೆ ಬಿಡಿ.

ಕೋರ್ಸ್ 90 ದಿನದ ಒಳಗಿದ್ದರೆ ಷೆಂಗನ್ ಸಿ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಅಲ್ಪಾವಧಿ ವೀಸಾ) ಸಾಕು. ಯಾವುದೇ 180 ದಿನದಲ್ಲಿ 90 ದಿನ ಅನ್ನುವುದು ನಿಯಮ. ಪದವಿ ಓದಲು ಹೋಗುವವರಿಗೆ ಬೇಕಾದ ಎಪಿಎಸ್ ಪ್ರಮಾಣಪತ್ರ (ನಮ್ಮ ಅಂಕಪಟ್ಟಿಗಳು ಅಸಲಿ ಅನ್ನುವುದಕ್ಕೆ), ವರ್ಷದ ಖರ್ಚನ್ನು ಮೊದಲೇ ತುಂಬಿಡುವ ಬ್ಲಾಕ್ಡ್ ಅಕೌಂಟ್ ಇವುಗಳ ತಲೆನೋವು ನಾಲ್ಕು ವಾರದ ಕೋರ್ಸ್‌ಗೆ ಇಲ್ಲ. ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೋ, ಅದರ ಮೇಲೆ ಅರ್ಜಿ ಸ್ವೀಕರಿಸುವ ವಿಎಫ್‌ಎಸ್ ಕಂಪನಿಯ ಸೇವಾ ಶುಲ್ಕ ಬೇರೆ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮೊದಲು. ಆದರೆ ಆ ಕೊನೆಯ ಗಡುವನ್ನು ನಂಬಿ ಕೂರಬೇಡಿ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬಿದ್ದರೆ 45 ದಿನದವರೆಗೂ ಹೋಗುತ್ತೆ. ಮೇ, ಜೂನ್‌ನಲ್ಲಿ ಬೇಸಿಗೆ ರಜೆಯ ಪ್ರವಾಸಿಗರ ನೂಕುನುಗ್ಗಲು, ಅಪಾಯಿಂಟ್‌ಮೆಂಟೇ ಸಿಗಲ್ಲ. ಆಗಸ್ಟ್ ಕೋರ್ಸ್‌ಗೆ ಏಪ್ರಿಲ್‌ನಲ್ಲೇ ಸ್ಲಾಟ್ ಹಿಡಿಯಿರಿ.

ಪಾಸ್‌ಪೋರ್ಟ್ ಕೊಟ್ಟು 10 ವರ್ಷ ಮೀರಿರಬಾರದು, ವಾಪಸ್ ಬರುವ ದಿನದಿಂದ ಇನ್ನೂ 3 ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಇರಬೇಕು. ಫೋಟೋ 35 ಗುಣಿಸು 45 ಮಿ.ಮೀ. ವಿಮೆ ಕನಿಷ್ಠ 30,000 ಯೂರೋ, ಇಡೀ ಷೆಂಗನ್ ಪ್ರದೇಶಕ್ಕೆ ಅನ್ವಯಿಸುವಂಥದ್ದು. ಇನ್ನು ಮುಖ್ಯವಾದದ್ದು ವಿಶ್ವವಿದ್ಯಾಲಯದ ಪತ್ರ. ಅದರಲ್ಲಿ ನಿಮ್ಮ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಬೇಕು. ಕೋರ್ಸ್ ಶುರು, ಮುಕ್ತಾಯದ ದಿನಾಂಕ, ವಾರಕ್ಕೆ ಎಷ್ಟು ಯೂನಿಟ್, ಫೀಸು ಸಂದಾಯವಾಗಿದೆ ಅನ್ನುವ ಸಾಲು, ವಸತಿ ಅವರೇ ಕೊಡ್ತಿದ್ದರೆ ಅದರ ವಿಳಾಸ, ಇವೆಲ್ಲ ಬೇಕು. ಬರೀ "ನೀವು ಆಯ್ಕೆಯಾಗಿದ್ದೀರಿ" ಅನ್ನುವ ಇಮೇಲ್ ಪ್ರಿಂಟ್ ಮಾಡಿಕೊಂಡು ಹೋದರೆ ಉಪಯೋಗವಿಲ್ಲ.

ಜೊತೆಗೆ ನಿಮ್ಮ ಕಾಲೇಜಿನಿಂದ ಪತ್ರ: ಇಂಥ ವರ್ಷದ ವಿದ್ಯಾರ್ಥಿ, ಇಂಥ ದಿನದಿಂದ ಇಂಥ ದಿನದವರೆಗೆ ರಜೆ ಕೊಟ್ಟಿದ್ದೇವೆ, ಮರಳಿ ಬಂದು ಓದು ಮುಂದುವರಿಸುತ್ತಾರೆ ಅಂತ, ಲೆಟರ್‌ಹೆಡ್ ಮೇಲೆ, ಸೀಲು ಸಹಿ ಸಮೇತ. ಖರ್ಚು ತಂದೆಯವರದ್ದಾದರೆ ಅವರ ಪ್ರಾಯೋಜಕ ಪತ್ರ, ಐಟಿ ರಿಟರ್ನ್, ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಬ್ಯಾಂಕಿನ ಸೀಲಿನೊಂದಿಗೆ, ಸಂಬಂಧ ತೋರಿಸಲು ಜನನ ಪ್ರಮಾಣಪತ್ರ. ಜರ್ಮನಿ ದಿನಕ್ಕೆ 45 ಯೂರೋ ಲೆಕ್ಕ ನೋಡುತ್ತೆ, 28 ದಿನಕ್ಕೆ 1,260 ಯೂರೋ.

ಅರ್ಜಿ ತಿರಸ್ಕಾರವಾಗುವುದು ಎಲ್ಲಿ? ಒಂದು, ದಿನಾಂಕಗಳ ತಾಳಮೇಳ ಇಲ್ಲದಿರುವುದು. ಕೋರ್ಸ್ ಆಗಸ್ಟ್ 29ಕ್ಕೆ ಮುಗಿಯುತ್ತೆ, ವಾಪಸ್ ಟಿಕೆಟ್ ಸೆಪ್ಟೆಂಬರ್ 12, ವಿಮೆ ಆಗಸ್ಟ್ 31ರವರೆಗೆ ಮಾತ್ರ, ನಡುವಿನ ಎರಡು ವಾರದ ಬಗ್ಗೆ ಕವರ್ ಲೆಟರ್‌ನಲ್ಲಿ ಒಂದಕ್ಷರ ಇಲ್ಲ. ಇನ್ನೊಂದು, ಅರ್ಜಿಗೆ ಹತ್ತು ದಿನ ಮುಂಚೆ ಖಾತೆಗೆ ಬಂದು ಬಿದ್ದ ಮೂರು ಲಕ್ಷ. ಎಲ್ಲಿಂದ ಬಂತು ಅನ್ನುವ ಕಾಗದ (ಎಫ್‌ಡಿ ಮುರಿದದ್ದು, ಜಮೀನಿನ ವ್ಯವಹಾರ, ಏನಾದರೂ) ಜೊತೆಗಿಲ್ಲದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ನಿರಾಕರಣೆಯಾದರೆ ಹಿಂದಿನಂತೆ ಮರುಪರಿಶೀಲನೆಗೆ ಪತ್ರ ಬರೆಯುವ ಅವಕಾಶವಿಲ್ಲ, 2025ರ ಜುಲೈ 1ರಿಂದ ಜರ್ಮನಿ ಅದನ್ನು ರದ್ದು ಮಾಡಿದೆ. ಹೊಸ ಅರ್ಜಿ ಹಾಕಬೇಕು, ಇಲ್ಲವೇ ಬರ್ಲಿನ್‌ನ ಆಡಳಿತ ನ್ಯಾಯಾಲಯಕ್ಕೆ ಹೋಗಬೇಕು. ಹಾಗಾಗಿ ಮೊದಲ ಸಲವೇ ಕಡತ ಸರಿಯಾಗಿರಲಿ.

ತುಂಗಾ ತೀರ

@ಕಡತ ವಿಲೇವಾರಿ ಸರ್, ವಾರಾಂತ್ಯಕ್ಕೆ ಪ್ಯಾರಿಸ್, ಜ್ಯೂರಿಕ್ ಹೋಗಿಬರಬಹುದಾ? ಅರ್ಜಿಯಲ್ಲಿ ಬರೆಯಬೇಕಾ?

ಕಡತ ವಿಲೇವಾರಿ

ಹೋಗಬಹುದು, ಎರಡೂ ಷೆಂಗನ್ ಒಳಗೇ ಬರುತ್ತವೆ. ಹೆಚ್ಚು ದಿನ ಇರುವ ದೇಶಕ್ಕೆ ಅರ್ಜಿ ಹಾಕಬೇಕು ಅನ್ನುವುದಷ್ಟೇ ಷರತ್ತು, ನಿಮ್ಮದು ಜರ್ಮನಿಯೇ ಆಗುತ್ತೆ. ಯೋಜನೆ ಖಚಿತವಿದ್ದರೆ ಬರೆಯಿರಿ. ಲಂಡನ್ ಬೇರೆ ವಿಷಯ, ಅದಕ್ಕೆ ಬೇರೆ ವೀಸಾ. ಸಿ ವೀಸಾದಲ್ಲಿ ಹೋಗಿ ಅಲ್ಲೇ ವಿದ್ಯಾರ್ಥಿ ವೀಸಾಗೆ ಬದಲಾಯಿಸಿಕೊಳ್ಳಬಹುದು ಅಂತ ಯಾರಾದರೂ ಏಜೆಂಟ್ ಹೇಳಿದರೆ ನಂಬಬೇಡಿ. ಕೆಲಸ ಮಾಡಲೂ ಬರಲ್ಲ. ಮೂರು ತಿಂಗಳ ಒಳಗಿನ ವಾಸಕ್ಕೆ ಅಲ್ಲಿನ ಪೌರ ಕಚೇರಿಯಲ್ಲಿ ವಿಳಾಸ ನೋಂದಣಿಯೂ ಬೇಡ. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಬೆರಳಚ್ಚು, ಫೋಟೋ ದಾಖಲಿಸುವ ಹೊಸ ವ್ಯವಸ್ಥೆ ಹಂತಹಂತವಾಗಿ ಬಂದಿದೆ. ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಒಂದೇ ಗಂಟೆಯಲ್ಲಿ ಮುಂದಿನ ರೈಲು ಅಂತ ಬುಕ್ ಮಾಡಬೇಡಿ.

ಜರ್ಮನ್ ಮೇಷ್ಟ್ರು

ಎಲ್ಲರೂ ಕಾಗದಪತ್ರದ ಬಗ್ಗೆ ಬರೆದಾಯ್ತು, ನಾನು ಪರೀಕ್ಷೆಯ ಬಗ್ಗೆ ಬರೀತೀನಿ. ಕೋರ್ಸ್‌ಗೆ ಮೊದಲು ಅಥವಾ ಮೊದಲ ದಿನ ಹಂತ ನಿರ್ಧರಿಸುವ ಪರೀಕ್ಷೆ ಇರುತ್ತೆ. ಹಲವು ಕಡೆ ಅದು ಸಿ-ಟೆಸ್ಟ್ ಮಾದರಿಯದ್ದು. ಆನ್‌ಸೆಟ್ ಅನ್ನುವ ಆನ್‌ಲೈನ್ ಪರೀಕ್ಷೆ ಇದರದ್ದೇ ರೂಪ: 8 ಸಣ್ಣ ಪಠ್ಯ, ಒಂದೊಂದರಲ್ಲಿ 20 ಬಿಟ್ಟ ಸ್ಥಳ, ಒಂದೊಂದಕ್ಕೆ 5 ನಿಮಿಷ. ಪೂರ್ತಿ ಪದ ಬಿಟ್ಟಿರಲ್ಲ, ಪದದ ಹಿಂದಿನ ಅರ್ಧ ಮಾತ್ರ ಅಳಿಸಿರುತ್ತೆ. ಇಲ್ಲೇ ನಮ್ಮ ಹುಡುಗರು ಜಾರೋದು. ಡೇರ್, ಡೆನ್, ಡೆಮ್ ಮೂರಕ್ಕೂ ಮೊದಲ ಅಕ್ಷರ ಒಂದೇ, ಉಳಿದ ಎರಡು ಅಕ್ಷರ ಅಳಿಸಿರುತ್ತೆ. ಪದದ ಅರ್ಥ ಗೊತ್ತಿದ್ದು ಪ್ರಯೋಜನ ಇಲ್ಲ. ನಾಮಪದದ ಲಿಂಗ ಗೊತ್ತಿರಬೇಕು, ಕ್ರಿಯಾಪದ ಯಾವ ವಿಭಕ್ತಿ ಕೇಳುತ್ತೆ ಅನ್ನೋದು ಗೊತ್ತಿರಬೇಕು. ಲಿಂಗ ಬಿಟ್ಟು ಪದ ಕಲಿತವರು ಬಾಯಲ್ಲಿ ಬಿ1 ಮಾತಾಡಿದರೂ ಇಲ್ಲಿ ಎ2ಗೆ ಬೀಳ್ತಾರೆ.

ಮನೆಯಲ್ಲೇ ಕೂತು ಬರೆಯುವ ಪರೀಕ್ಷೆ ಅಂತ ಪಕ್ಕದಲ್ಲಿ ಅನುವಾದದ ಆಪ್ ತೆರೆದಿಟ್ಟುಕೊಳ್ಳುವವರಿಗೆ ಒಂದು ಮಾತು. ಬಿ2 ಬರುತ್ತೆ, ಸಂತೋಷ. ಸೋಮವಾರ ತರಗತಿಗೆ ಹೋದರೆ ಪಕ್ಕದಲ್ಲಿ ಐದು ವರ್ಷ ಶಾಲೆಯಲ್ಲಿ ಜರ್ಮನ್ ಓದಿದ ಇಟಲಿಯ ಹುಡುಗಿ, ಪೋಲೆಂಡಿನ ಹುಡುಗ. ಗುಂಪು ಬದಲಿಸಲು ಅವಕಾಶ ಸಾಮಾನ್ಯವಾಗಿ ಮೊದಲ ಎರಡು ಮೂರು ದಿನ ಮಾತ್ರ, ಅದೂ ಇನ್ನೊಂದು ಗುಂಪಿನಲ್ಲಿ ಜಾಗ ಇದ್ದರೆ. ತರಗತಿ ತೀರ ಸುಲಭ ಅನ್ನಿಸಿದರೂ, ತೀರ ಕಷ್ಟ ಅನ್ನಿಸಿದರೂ ಎರಡನೇ ದಿನವೇ ಹೋಗಿ ಕೇಳಬೇಕು. ಸಂಕೋಚಕ್ಕೆ ಒಂದು ವಾರ ಸುಮ್ಮನಿದ್ದರೆ ಕಾಲು ಭಾಗ ಕೋರ್ಸ್ ಹೋಯ್ತು.

ಉಚ್ಚಾರಣೆಯಲ್ಲಿ ಕನ್ನಡದವರಿಗೆ ಲಾಭವೂ ಇದೆ, ತೊಡಕೂ ಇದೆ. ಹ್ರಸ್ವ ದೀರ್ಘದ ವ್ಯತ್ಯಾಸ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಶ್ಟಟ್ ಅಂದರೆ ಊರು, ಶ್ಟಾಟ್ ಅಂದರೆ ರಾಜ್ಯ; ಇಂಗ್ಲಿಷರು ಒದ್ದಾಡುವ ಜಾಗದಲ್ಲಿ ನಾವು ಸಲೀಸಾಗಿ ದಾಟ್ತೀವಿ. ತೊಡಕು ಎರಡು. ವ್ಯಂಜನದಲ್ಲಿ ಕೊನೆಯಾಗುವ ಪದಕ್ಕೆ ನಾವು ತಿಳಿಯದೆ ಒಂದು "ಉ" ಅಂಟಿಸ್ತೀವಿ, ಬಸ್ಸು ಕಾರು ಅಂದ ಹಾಗೆ. ಇನ್ನೊಂದು, ಪದದ ಮೊದಲಿನ ಪ, ಟ, ಕಗಳಿಗೆ ಜರ್ಮನ್‌ನಲ್ಲಿ ಉಸಿರು ಬೇಕು, ಹೆಚ್ಚುಕಮ್ಮಿ ಫ, ಠ, ಖ. ಉಸಿರಿಲ್ಲದೆ "ಟಾಂಕನ್" ಅಂದರೆ ಅವರಿಗೆ "ಡಾಂಕನ್" ಅಂತ ಕೇಳುತ್ತೆ. ಪೆಟ್ರೋಲ್ ಹಾಕಿಸೋದು ಹೋಗಿ ಧನ್ಯವಾದ ಹೇಳಿದಂತಾಗುತ್ತೆ. ಬಾಯಿ ಮುಂದೆ ತೆಳ್ಳನೆ ಕಾಗದ ಹಿಡಿದು ಅಭ್ಯಾಸ ಮಾಡಿ, ಕಾಗದ ಅಲುಗಬೇಕು.

ವಾಕ್ಯರಚನೆಗೆ ಇಂಗ್ಲಿಷ್ ದಾರಿ ಹಿಡಿಯಬೇಡಿ. "ವೈಲ್" (ಯಾಕಂದರೆ), "ಡಸ್" (ಅಂತ) ಬಂದ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತೆ, ಕನ್ನಡದಲ್ಲಿ ಇರುವಂತೆಯೇ. ಇಂಗ್ಲಿಷ್‌ನಲ್ಲಿ ಯೋಚಿಸಿ ಜರ್ಮನ್‌ಗೆ ಇಳಿಸುವವರು ಅದನ್ನು ನಡುವೆ ಸಿಕ್ಕಿಸ್ತಾರೆ. "ನನಗೆ ಚಳಿ", "ನನಗೆ ಇಷ್ಟ" ಅನ್ನುವಾಗಿನ ಚತುರ್ಥಿಯೂ ಅಲ್ಲಿ ಹಾಗೇ ಇದೆ.

ಚಾಮುಂಡಿ ತಪ್ಪಲು

ಮೇಷ್ಟ್ರೇ, ಕೊನೆಗೆ ಕೊಡುವ ಪ್ರಮಾಣಪತ್ರಕ್ಕೆ ಬೆಲೆ ಇದೆಯಾ? ಮುಂದೆ ಅಲ್ಲೇ ಎಂ.ಎಸ್ಸಿ. ಮಾಡುವ ಆಸೆ ಇದೆ.

ಜರ್ಮನ್ ಮೇಷ್ಟ್ರು

ಕಾಗದದಲ್ಲಿ ಎರಡು ಬಗೆ. ಹಾಜರಾತಿ ಸರಿಯಿದ್ದರೆ (ಬಹುತೇಕ ಕಡೆ 80 ಶೇಕಡಾ) ಎಲ್ಲರಿಗೂ ಸಿಗುವುದು ಭಾಗವಹಿಸಿದ ಪತ್ರ. ಕೊನೆಯ ಪರೀಕ್ಷೆ ಬರೆದವರಿಗೆ ಅಂಕ, ಹಂತ, ಇಸಿಟಿಎಸ್ (ಯುರೋಪಿನ ವಿಶ್ವವಿದ್ಯಾಲಯಗಳ ಕ್ರೆಡಿಟ್) ನಮೂದಿಸಿದ ಅಂಕಪಟ್ಟಿ. ಎರಡನೆಯದು ಬೇಕಾದರೆ ನೋಂದಣಿ ಸಮಯದಲ್ಲೇ ಅಥವಾ ಮೊದಲ ವಾರದಲ್ಲೇ ಕೇಳಬೇಕಾಗಬಹುದು. ಒಂದು ಇಸಿಟಿಎಸ್ ಅಂದರೆ 25ರಿಂದ 30 ಗಂಟೆ ಕೆಲಸ. 100 ಯೂನಿಟ್ ಅಂದರೆ 75 ಗಂಟೆ ತರಗತಿ, ಮನೆಗೆಲಸ ಸೇರಿ ನಾಲ್ಕೈದು ಇಸಿಟಿಎಸ್ ಬಂದರೆ ಸರಿಯಾದ ಲೆಕ್ಕ. ಹತ್ತು ಕೊಡ್ತೀವಿ ಅಂದರೆ ಪಠ್ಯಕ್ರಮ ಕೇಳಿ ನೋಡಿ.

ಜರ್ಮನ್ ಮಾಧ್ಯಮದ ಎಂ.ಎಸ್ಸಿ.ಗೆ ಈ ಪತ್ರ ನಡೆಯಲ್ಲ. ಟೆಸ್ಟ್‌ಡಾಫ್, ಡಿಎಸ್‌ಎಚ್, ಟೆಲ್ಕ್ ಸಿ1 ಹೋಕ್‌ಶೂಲೆ ಇಂಥ ಭಾಷಾ ಪರೀಕ್ಷೆಗಳೇ ಬೇಕು. ಇಂಗ್ಲಿಷ್ ಮಾಧ್ಯಮದ ಕೋರ್ಸ್ ಆದರೆ ಅರ್ಜಿಯಲ್ಲಿ ಒಂದು ಒಳ್ಳೆಯ ಸಾಲಾಗುತ್ತೆ, ಅಷ್ಟೆ.

ವಿದ್ಯಾರ್ಥಿವೇತನ ಯಾರೂ ಎತ್ತಿಲ್ಲ. ಡಿಎಎಡಿ (ಜರ್ಮನ್ ಶೈಕ್ಷಣಿಕ ವಿನಿಮಯ) ಸಂಸ್ಥೆಯದ್ದು ಬೇಸಿಗೆ ಕೋರ್ಸ್‌ಗಳಿಗೆಂದೇ ಒಂದು ವಿದ್ಯಾರ್ಥಿವೇತನ ಇದೆ. ಪದವಿಯ ಎರಡು ವರ್ಷ ಮುಗಿದಿರಬೇಕು, ಭಾಷಾ ಕೋರ್ಸ್‌ಗೆ ಬಿ1 ಪುರಾವೆ ಬೇಕು, ಕೋರ್ಸ್ ಕನಿಷ್ಠ 18 ದಿನದ್ದಾಗಿರಬೇಕು. ಅರ್ಜಿ ಹಿಂದಿನ ವರ್ಷದ ಡಿಸೆಂಬರ್ ಆಸುಪಾಸಿಗೇ ಮುಗಿಯುತ್ತೆ, ಆ ವರ್ಷದ ಪ್ರಕಟಣೆ ನೋಡಿಕೊಳ್ಳಿ. ಅಂದರೆ ಬೇಸಿಗೆ ಬಂದ ಮೇಲೆ ಯೋಚಿಸುವವರಿಗೆ ಅದು ಸಿಗಲ್ಲ. ವೇತನ ಸಿಕ್ಕಿದ್ದಕ್ಕೆ ಕೋರ್ಸ್‌ನಲ್ಲಿ ಸೀಟೂ ಸಿಕ್ಕಿತು ಅಂತ ತಿಳಿಯಬೇಡಿ, ಅದಕ್ಕೆ ನೀವೇ ಬೇರೆಯಾಗಿ ನೋಂದಾಯಿಸಬೇಕು. ನಿಮಗೀಗ ಎ2 ಅರ್ಧ ಅಂದ್ರಲ್ಲ, ನೆಕ್ಕರ್ ದಂಡೆಯವರ ಮಾತಿಗೆ ಇದು ಇನ್ನೊಂದು ಕಾರಣ.

ನೆಕ್ಕರ್ ದಂಡೆ

ಫೀಸು ಕಳಿಸುವಾಗ ಎಡವಟ್ಟಾಗೋದು ಮೂರು ಕಡೆ. ಬ್ಯಾಂಕಿನ ಎ2 ಫಾರ್ಮ್‌ನಲ್ಲಿ (ವಿದೇಶಕ್ಕೆ ಹಣ ಕಳಿಸುವ ಅರ್ಜಿ, ಭಾಷೆಯ ಎ2 ಅಲ್ಲ) ಮಧ್ಯವರ್ತಿ ಬ್ಯಾಂಕಿನ ಶುಲ್ಕ ಯಾರು ಕೊಡ್ತಾರೆ ಅಂತ ಒಂದು ಕಾಲಂ ಇರುತ್ತೆ. "ಅವರ್" (ಇಂಗ್ಲಿಷ್‌ನ OUR) ಅಂತ ಆರಿಸಿ, ಪೂರ್ತಿ ಶುಲ್ಕ ನಿಮ್ಮದು ಅಂತ ಅರ್ಥ. "ಶೇರ್ಡ್" ಅಂತ ಬಿಟ್ಟರೆ ದಾರಿಯಲ್ಲಿ ಹದಿನೈದೋ ಇಪ್ಪತ್ತೋ ಯೂರೋ ಕತ್ತರಿಸಿ ಹೋಗುತ್ತೆ. ಅಲ್ಲಿ ಪೂರ್ತಿ ಮೊತ್ತ ಬಂದಿಲ್ಲ ಅಂತ ಸೀಟು ಖಚಿತವಾಗಲ್ಲ, ಸೀಟು ಖಚಿತವಾಗದೆ ವೀಸಾ ಪತ್ರ ಬರಲ್ಲ. ಎರಡನೆಯದು ಫೆರ್‌ವೆಂಡುಂಗ್ಸ್‌ಟ್ಸ್ವೆಕ್ (ಹಣ ಯಾತಕ್ಕೆ) ಅನ್ನುವ ಕಾಲಂ, ಅದರಲ್ಲಿ ವಿಶ್ವವಿದ್ಯಾಲಯ ಕೊಟ್ಟ ಸಂಖ್ಯೆ, ನಿಮ್ಮ ಹೆಸರು ಇರಲೇಬೇಕು. ಹಣ ಹೋಗೋದು ಅಪ್ಪನ ಖಾತೆಯಿಂದ, ಅರ್ಜಿ ನಿಮ್ಮ ಹೆಸರಿನದ್ದು. ಸಂಖ್ಯೆ ಇಲ್ಲದಿದ್ದರೆ ಯಾರ ಹಣ ಅಂತ ಅವರಿಗೆ ಹೊಂದಿಸಲು ಬರಲ್ಲ. ಮೂರನೆಯದು ಐಬಾನ್, ಅಂದರೆ ಅಂತರರಾಷ್ಟ್ರೀಯ ಬ್ಯಾಂಕ್ ಖಾತೆ ಸಂಖ್ಯೆ. ಜರ್ಮನಿಯದು 22 ಅಕ್ಷರ, ಶುರುವಿಗೆ ಡಿ, ಇ. ಎಣಿಸಿ ನೋಡಿ.

ವೀಸಾ ನಿರಾಕರಣೆಯಾದರೆ ಫೀಸು ವಾಪಸ್ ಬರುತ್ತಾ ಅನ್ನೋದನ್ನ ಹಣ ಕಳಿಸುವ ಮೊದಲೇ ಕೇಳಿಕೊಳ್ಳಿ. ಕೆಲವು ಕಡೆ ನಿರಾಕರಣೆ ಪತ್ರ ತೋರಿಸಿದರೆ ಸ್ವಲ್ಪ ಹಿಡಿದುಕೊಂಡು ಉಳಿದದ್ದು ಕೊಡ್ತಾರೆ, ಕೆಲವು ಕಡೆ ಗಡುವು ದಾಟಿದರೆ ಏನೂ ಇಲ್ಲ.

ಆಗಸ್ಟ್ ಬಗ್ಗೆ ಇನ್ನೊಂದು. ಅವರ ಬೇಸಿಗೆ ಸೆಮಿಸ್ಟರಿನ ತರಗತಿಗಳು ಜುಲೈನಲ್ಲಿ ಮುಗಿದು ಹಾಸ್ಟೆಲ್ ಕೋಣೆ ಖಾಲಿಯಾಗುತ್ತೆ, ಅದಕ್ಕೇ ಈ ಕೋರ್ಸ್‌ಗಳೆಲ್ಲ ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ನಮ್ಮಲ್ಲಿ ಅದೇ ಹೊತ್ತಿಗೆ ಹೊಸ ಸೆಮಿಸ್ಟರ್ ಶುರು. ನಾಲ್ಕು ವಾರ ಹೋದರೆ ಹಾಜರಾತಿ ಕೊರತೆ ಗ್ಯಾರಂಟಿ. ವಿಭಾಗದ ಮುಖ್ಯಸ್ಥರಿಂದ ಬಾಯಿಮಾತಿನ ಒಪ್ಪಿಗೆ ಸಾಲದು, ಬರಹದಲ್ಲಿ ತಗೊಳ್ಳಿ. ಹೇಗೂ ವೀಸಾಗೆ ಆ ಪತ್ರ ಬೇಕಲ್ಲ.

ಧಾರವಾಡದಾಂವ

ಊಟದ ವಿಷಯಕ್ಕ ಬರೂಣು, ಇಷ್ಟ ಹೊತ್ತಾತು ಒಬ್ಬರೂ ಎತ್ತಿಲ್ಲ.

ತುಪ್ಪಾ, ಪೇಢೆ, ಪನೀರ ಒಯ್ಯಬ್ಯಾಡ್ರಿ. ಹೊರಗಿಂದ ಹಾಲಿನ ಪದಾರ್ಥ, ಮಾಂಸ ಯುರೋಪಿನ ಒಳಗ ಬಿಡೂದಿಲ್ಲ, ಸಿಕ್ಕರ ಕಸದ ಡಬ್ಬಿಗೆ ಹೋಗತೈತಿ. ಹಸಿ ಕರಿಬೇವೂ ಸರ್ಟಿಫಿಕೇಟ್ ಇಲ್ಲದ ಬರೂದಿಲ್ಲ. ಒಣಗಿಸಿದ ಕರಿಬೇವು, ಚಟ್ನಿಪುಡಿ, ಶೇಂಗಾ ಹಿಂಡಿ, ಸಾರಿನ ಪುಡಿ, ಹುಣಸಿಹಣ್ಣು ಆರಾಮ ಹೊಕ್ಕಾವ.

ಉಪ್ಪಿಟ್ಟಿಗೆ ರವಾ ಅಲ್ಲೇ ಸಿಗತೈತಿ, ಆದ್ರ ಪಾಕೀಟ ನೋಡಿ ತಗೋರಿ. ಹಾರ್ಟ್‌ವೈಟ್ಸನ್‌ಗ್ರೀಸ್ ಅಂತ ಬರದಿದ್ರ ಗಟ್ಟಿ ಗೋದಿ ರವಾ, ಹಳದಿ ಬಣ್ಣ, ಹುರದ್ರ ಉದುರುದುರು ಆಗತೈತಿ. ವೈಷ್‌ವೈಟ್ಸನ್‌ಗ್ರೀಸ್ ಅಂದ್ರ ಮೆತ್ತನ ಗೋದಿದು, ಹಾಲಿನಾಗ ಕುದಿಸಿ ಹುಡುಗರಿಗೆ ಕೊಡೋದು. ಅದರಾಗ ಉಪ್ಪಿಟ್ಟ ಮಾಡಿದ್ರ ಗೋಡೆಗೆ ಹಚ್ಚೋ ಅಂಟ ಆಗತೈತಿ. ತೊಗರಿಬ್ಯಾಳಿ ಏಷ್ಯಾ ಅಂಗಡ್ಯಾಗ ಮಾತ್ರ, ಕೆಂಪು ಮಸೂರ ಮಾತ್ರ ಎಲ್ಲಾ ಕಡೆ. ಮೊಸರನ್ನಕ್ಕ ನಾಟುರ್‌ಯೋಗುರ್ಟ್ 3.5 ಇಲ್ಲಾ 3.8 ಶೇಕಡಾ ಕೊಬ್ಬಿಂದು ತಗೋರಿ. ಹಣ್ಣಿನ ಫ್ಲೇವರಿನ ಅಗ್ಗದ ಮೊಸರು, ಪುಡಿಂಗ್‌ನಾಗ ಪ್ರಾಣಿಯಿಂದ ತಗದ ಗೆಲಟೀನ್ ಇರತೈತಿ, ಹಿಂದ ಬರದಿದ್ದು ಓದ್ರಿ. ಚೀಸ್‌ನಾಗ ಬರೇ "ಲಾಬ್" (ಹಾಲು ಹೆಪ್ಪುಗಟ್ಟಸೋ ಕಿಣ್ವ) ಅಂತ ಇದ್ರ ಅದು ಪ್ರಾಣಿದು ಇರಬಹುದು, "ಮಿಕ್ರೋಬಿಯೆಲೆಸ್ ಲಾಬ್" ಅಂತ ಇದ್ರ ಚಿಂತಿಲ್ಲ. ಪಾರ್ಮಿಜಾನ್‌ನಾಗ ಯಾವಾಗ್ಲೂ ಪ್ರಾಣಿದೇ.

ಮೆನ್ಸಾ ಅಂದ್ರ ವಿದ್ಯಾರ್ಥಿ ಭೋಜನಾಲಯ. ಫಲಕದ ಮ್ಯಾಲೆ ವೆಜಿಟಾರಿಷ್, ವೇಗಾನ್ ಅಂತ ಗುರುತು ಇರತಾವ. ಗುರುತಿಲ್ಲದ ಬಟಾಟಿ ಸೂಪ್, ಕೋಸು ಪಲ್ಯೆ ಸಸ್ಯಾಹಾರ ಅಂತ ನಂಬಬ್ಯಾಡ್ರಿ, ಶ್ಪೆಕ್ ಅನ್ನೋ ಹಂದಿಮಾಂಸದ ಚೂರು ಬಿದ್ದಿರತಾವ. ಬ್ಯಾಸಿಗಿ ಕೋರ್ಸ್‌ನವರಿಗೆ ವಿದ್ಯಾರ್ಥಿ ದರದ ಕಾರ್ಡ್ ಕೊಡತಾರೋ ಇಲ್ಲೋ ಕೇಳ್ರಿ, ಇಲ್ಲಂದ್ರ ಅತಿಥಿ ದರ ಹೆಚ್ಚು. ಆಗಸ್ಟ್‌ನಾಗ ಕೆಲವು ಮೆನ್ಸಾ ಬಾಗಲಾ ಹಾಕಿರತಾವ, ರಾತ್ರಿ ಊಟ ಭಾಳ ಕಡೆ ಇರೂದಿಲ್ಲ. ರವಿವಾರ ಅಂಗಡಿ ಎಲ್ಲಾ ಬಂದ್, ಶನಿವಾರ ಸಂಜಿನೇ ಸಂತಿ ಮುಗಸ್ರಿ. ಬವೇರಿಯಾದ ಭಾಳಷ್ಟು ಊರಾಗ ಆಗಸ್ಟ್ 15ಕ್ಕೂ ಸೂಟಿ, ನಮ್ಮ ಸ್ವಾತಂತ್ರ್ಯದಿನಕ್ಕಲ್ಲ, ಯೇಸುವಿನ ತಾಯಿ ಮರಿಯಮ್ಮನ ಹಬ್ಬಕ್ಕ.

ಇನ್ನ ಒಗ್ಗರಣಿ. ಸಾಸಿವಿ ಸಿಡಿಯೂ ಹೊತ್ತಿಗೆ ಎಣ್ಣಿ ಹೊಗಿ ಎದ್ದು ಕೋಣ್ಯಾಗಿನ ಹೊಗಿ ಪತ್ತೆ ಹಚ್ಚೋ ಯಂತ್ರ ಕೂಗತೈತಿ. ಬರೇ ಬ್ಯಾಟರಿದಾದ್ರ ಕಿಡಕಿ ತಗದ್ರ ಆತು. ಕೆಲವು ಹಾಸ್ಟೆಲ್‌ನಾಗ ಅದು ಸೀದಾ ಅಗ್ನಿಶಾಮಕ ದಳಕ್ಕ ಜೋಡಿಸಿರತೈತಿ, ಬಂಬು ಬಂದ್ರ ಬಿಲ್ಲು ನಿಮ್ಮ ಹೆಸರಿಗೆ. ಉರಿ ಸಣ್ಣ ಇಟ್ಟು, ಎಣ್ಣಿ ಹೊಗಿ ಏಳೂದರಾಗ ಸಾಸಿವಿ ಹಾಕಿ ಮುಚ್ಚಳಾ ಮುಚ್ಚರಿ, ಚಿಮಣಿ ಫ್ಯಾನ್ ಹಚ್ಚಿರಿ. ಅಡಗಿಮನಿ ಬಾಗಲಾ ಕಾರಿಡಾರ್ ಕಡೆ ತಗೀಬ್ಯಾಡ್ರಿ, ಅಲ್ಲಿನ ಯಂತ್ರನೂ ಕೂಗತೈತಿ.

ತುಂಗಾ ತೀರ

ಧಾರವಾಡದಣ್ಣ, ಸಣ್ಣ ಕುಕ್ಕರ್ ಒಯ್ಯಬಹುದಾ?

ಧಾರವಾಡದಾಂವ

ಒಲಿ ಯಾವುದಂತ ಮೊದಲ ಕೇಳ್ರಿ ಅಕ್ಕಾರ. ಇಂಡಕ್ಷನ್ ಇದ್ರ ಸಾದಾ ಅಲ್ಯುಮಿನಿಯಂ ಕುಕ್ಕರ್ ಕಾಯೂದೇ ಇಲ್ಲ, ಇಂಡಕ್ಷನ್ ತಳ ಇರೋ ಸ್ಟೀಲಿಂದು ಬೇಕು. ಗಾಜಿನ ಮ್ಯಾಲೆ ಕೆಂಪಗ ಕಾಯೋ ಸೆರಾನ್ ಒಲಿ ಆದ್ರ ತಳ ಸಪಾಟ ಇದ್ರ ಸಾಕು. ಕರೆಂಟಿನ ರೈಸ್ ಕುಕ್ಕರ್ ನಡಿತೈತಿ, ಅಲ್ಲೂ 230 ವೋಲ್ಟ್. ನಮ್ಮ ಮೂರು ಪಿನ್ನಿನ ದಪ್ಪ ಪ್ಲಗ್ ಮಾತ್ರ ಗೋಡೆಗೆ ಹೋಗೂದಿಲ್ಲ, ಅರ್ತಿಂಗ್ ಇರೋ ಅಡಾಪ್ಟರ್ ಒಯ್ರಿ.

ಬಾಸೆಲ್ ಹೆಂಚು

ವಸತಿಯ ಬಗ್ಗೆ. ಹಾಸಿಗೆ ಬಟ್ಟೆ ಕೊಡುತ್ತಾರಾ, ಬಾಡಿಗೆ ಠೇವಣಿ ಎಷ್ಟು, ನಗದು ಬೇಕಾ ಅಂತ ಮೊದಲೇ ಕೇಳಿ. ಭಾನುವಾರ ಸಂಜೆ ಇಳಿಯುವ ಟಿಕೆಟ್ ಮಾಡಬೇಡಿ, ಕೀಲಿ ಕೊಡುವ ಮೇಲ್ವಿಚಾರಕ ವಾರದ ದಿನ, ಹಗಲು ಹೊತ್ತು ಮಾತ್ರ ಇರುತ್ತಾನೆ. ಆ ಕೀಲಿಯನ್ನು ಜೋಪಾನ ಮಾಡಿ. ಒಂದೇ ಕೀಲಿ ಮುಂಬಾಗಿಲು, ಮಹಡಿ, ಕೋಣೆ ಮೂರನ್ನೂ ತೆರೆಯುವ ವ್ಯವಸ್ಥೆ ಇದ್ದರೆ, ಕಳೆದಾಗ ಒಂದು ಬೀಗ ಬದಲಿಸಿದರೆ ಮುಗಿಯುವುದಿಲ್ಲ, ನೂರಾರು ಯೂರೋ ಬಿಲ್ ಬರಬಹುದು. ಹೊಣೆಗಾರಿಕೆ ವಿಮೆ ಅಂತ ಉಂಟು, ಹಾಫ್ಟ್‌ಪ್‌ಫ್ಲಿಷ್ಟ್ ಅನ್ನುತ್ತಾರೆ. ಪ್ರಯಾಣ ವಿಮೆಯ ಜೊತೆಗೆ ಅದು ಸೇರಿದೆಯಾ, ಕೀಲಿ ಕಳೆದರೆ ಅನ್ವಯಿಸುತ್ತದಾ ನೋಡಿ.

ಭಾಷೆಯ ದೃಷ್ಟಿಯಿಂದ ಕೇಳಿದರೆ ಜರ್ಮನ್ ಕುಟುಂಬದ ಮನೆ ಹಾಸ್ಟೆಲ್‌ಗಿಂತ ಮೇಲು, ನೆಕ್ಕರ್ ದಂಡೆಯವರು ಒಪ್ಪಲಿಕ್ಕಿಲ್ಲ.

ನೆಕ್ಕರ್ ದಂಡೆ

ಒಪ್ಪಲ್ಲ. ಬಿ1ಗಿಂತ ಕೆಳಗಿದ್ದರೆ ಕುಟುಂಬದ ಮನೆಯಲ್ಲಿ "ಗುಟೆನ್ ಮೋರ್ಗನ್", "ಡಾಂಕೆ" ಆಚೆ ಮಾತು ಹೋಗಲ್ಲ, ಅಡುಗೆಮನೆಯೂ ನಿಮ್ಮದಲ್ಲ. ಬೇರೆ ದೇಶದವರ ಜೊತೆ ಹಾಸ್ಟೆಲ್ ಅಡುಗೆಮನೆಯಲ್ಲಿ ಜರ್ಮನ್‌ನಲ್ಲೇ ಜಗಳ ಆಡಬಹುದು. ಆದರೆ ಭಾರತದಿಂದ ಒಟ್ಟಿಗೆ ಹೋದ ನಾಲ್ಕು ಜನ ಒಂದೇ ಮಹಡಿ ಕೇಳಬೇಡಿ, ಎಲ್ಲ ಮುಗೀತು.

ಓಡಾಟಕ್ಕೆ ಡಾಯ್ಚ್‌ಲಾಂಡ್‌ಟಿಕೆಟ್. 2026ರ ಜನವರಿಯಿಂದ ತಿಂಗಳಿಗೆ 63 ಯೂರೋ. ದೇಶದಾದ್ಯಂತ ಬಸ್, ಟ್ರಾಮ್, ಮೆಟ್ರೊ, ಪ್ರಾದೇಶಿಕ ರೈಲು ಎಲ್ಲ ಇದರಲ್ಲಿ. ಐಸಿಇ, ಐಸಿ ಅನ್ನುವ ದೂರದೂರಿನ ವೇಗದ ರೈಲು ಇಲ್ಲ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಿಂದ ಐಸಿಇಯಲ್ಲಿ ಮನ್‌ಹೈಮ್ ಅರ್ಧ ಗಂಟೆ, ಅಲ್ಲಿಂದ ಹೈಡಲ್‌ಬರ್ಗ್‌ಗೆ ಎಸ್-ಬಾನ್ ಅನ್ನುವ ಸ್ಥಳೀಯ ರೈಲು. ಈ ಟಿಕೆಟ್ ಎರಡನೆಯದಕ್ಕೆ ನಡೆಯುತ್ತೆ, ಮೊದಲನೆಯದಕ್ಕೆ ನಡೆಯಲ್ಲ. ಅಗ್ಗದ ಐಸಿಇ ಟಿಕೆಟ್ ಒಂದೇ ರೈಲಿಗೆ ಕಟ್ಟಿಹಾಕಿರುತ್ತೆ. ವಿಮಾನ ತಡವಾದರೆ ಹಣ ಹೋಯ್ತು. ಬಂದಿಳಿಯುವ ದಿನಕ್ಕಂತೂ ಅಂಥ ಅಗ್ಗದ ಟಿಕೆಟ್ ತಗೋಬೇಡಿ.

ಚಾಮುಂಡಿ ತಪ್ಪಲು

ಎಲ್ಲರಿಗೂ ಧನ್ಯವಾದ. ಎ2 ಮುಗಿಸಿ, ಡಿಸೆಂಬರ್ ಅರ್ಜಿಗೆ ಬಿ1 ಪರೀಕ್ಷೆ ಬರೆದು, ಒಂದು ವರ್ಷ ತಡವಾಗಿಯೇ ಹೋಗೋದು ಅಂತ ತೀರ್ಮಾನಿಸಿದೆ. ಒಂದು ಸಣ್ಣ ಪ್ರಶ್ನೆ: ಕೋರ್ಸ್ ಜುಲೈ 28ಕ್ಕೆ ಶುರುವಾದರೆ ಆ ಟಿಕೆಟ್ ಎಷ್ಟು ದಿನಕ್ಕೆ ಬರುತ್ತೆ, ಕೊಂಡ ದಿನದಿಂದ ಒಂದು ತಿಂಗಳಾ?

ನೆಕ್ಕರ್ ದಂಡೆ

ಅಲ್ಲ, ಕ್ಯಾಲೆಂಡರ್ ತಿಂಗಳು. ಜುಲೈ 28ರಿಂದ 31ರವರೆಗೆ ನಾಲ್ಕು ದಿನಕ್ಕೆ ಬಿಡಿ ಟಿಕೆಟ್ ತಗೊಳ್ಳಿ, ಚಂದಾ ಆಗಸ್ಟ್ 1ರಿಂದ ಶುರು ಮಾಡಿ. ಅದು ತಾನಾಗಿ ನವೀಕರಣವಾಗುವ ಚಂದಾ, ಆಗಸ್ಟ್ 10ರೊಳಗೆ ಆಪ್‌ನಲ್ಲೇ ರದ್ದು ಮಾಡಬೇಕು. 11ಕ್ಕೆ ನೆನಪಾದರೆ ಸೆಪ್ಟೆಂಬರ್‌ನ 63 ಯೂರೋ ಕೂಡ ಹೋಗುತ್ತೆ. ಕೆಲವು ಸಾರಿಗೆ ಸಂಸ್ಥೆಗಳು ಜರ್ಮನ್ ಬ್ಯಾಂಕ್ ಖಾತೆ ಕೇಳುತ್ತವೆ, ಕ್ರೆಡಿಟ್ ಕಾರ್ಡ್ ತಗೊಳ್ಳುವ ಆಪ್ ಹುಡುಕಿ. ಟಿಕೆಟ್ ತಪಾಸಣೆಯಲ್ಲಿ ಪಾಸ್‌ಪೋರ್ಟ್ ಕೇಳ್ತಾರೆ, ಟಿಕೆಟ್‌ನಲ್ಲಿರುವ ಹೆಸರು ಅದಕ್ಕೆ ಹೊಂದಬೇಕು.